ಕಾಲಿಗೆ ಕಟ್ಟಿದ ಚೀಟಿ

ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ಶ್ರಾವಣವೆಲ್ಲ ಗಿಡ ಒತ್ತುವುದರಲ್ಲೇ ಕಳೆಯುತ್ತಿತ್ತು. ಜಿಟಿಜಿಟಿ ಮಳೆಯಲ್ಲಿ ಕೆಲಗೇರಿ ಕೆರೆಯ ಏರಿಯ ಮೇಲೋ, ಶಾಲ್ಮಲೆ ಹುಟ್ಟುವ ಸೋಮೇಶ್ವರದ ಹತ್ತಿರವೋ ಅಡ್ಡಾಡಿ, ಹೂ ಬಿಟ್ಟ ಟೊಂಗೆ ಕತ್ತರಿಸಿ ತರುತ್ತಿದ್ದೆವು. ಹಳೆಯ ಸಂಯುಕ್ತ ಕರ್ನಾಟಕದ ಹಾಳೆಗಳ ನಡುವೆ ಅದನ್ನು ಹರಡಿ ಮೇಲೆ ಭಾರ ಹೇರಬೇಕು. ಹಾಳೆ ದಿನಾ ಬದಲಿಸಬೇಕು; ಒಂದು ದಿನ ಮರೆತರೂ ಬೂಸ್ಟು. ಒಮ್ಮೆ ಗೌರಿಹೂವನ್ನು ಬಣ್ಣಗೆಡದಂತೆ ಒಣಗಿಸಿ, ಶೀಟಿಗೆ ಅಂಟಿಸಿ ಒಯ್ದೆ. ಗುರುಗಳು ಹೂವನ್ನು ನೋಡಲೇ ಇಲ್ಲ, ಬಲಗಡೆಯ ಕೆಳಮೂಲೆ ನೋಡಿದರು. "ಎಲ್ಲಿ ಸಿಕ್ತು, ಯಾವತ್ತು ಸಿಕ್ತು, ಏನೂ ಬರದಿಲ್ಲಲ್ಲೋ ತಮ್ಮಾ. ಹಂಗಾದ್ರ ಇದು ಸ್ಪೆಸಿಮೆನ್ ಅಲ್ಲ, ಒಣಾ ಮೇವು."

ಆ ಮಾತಿನ ತೂಕ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಒಂದು ಗೂಬೆಯ ಕಥೆ ತಿಳಿದಾಗ.

ಫಾರೆಸ್ಟ್ ಔಲೆಟ್ ಎಂಬುದು ಮಧ್ಯಭಾರತದ ಒಣಕಾಡಿನ ಗಿಡ್ಡ ಗೂಬೆ. 1873ರಲ್ಲಿ ಎ.ಓ. ಹ್ಯೂಮ್ ಅದಕ್ಕೆ ವೈಜ್ಞಾನಿಕ ಹೆಸರಿಟ್ಟರು. 1884ರ ನಂತರ ಅದರ ನಂಬಬಹುದಾದ ಸುಳಿವೇ ಇರಲಿಲ್ಲ, ಒಂದನ್ನು ಬಿಟ್ಟು: 1914ರಲ್ಲಿ ಗುಜರಾತಿನಲ್ಲಿ ತಾನೇ ಹಿಡಿದದ್ದು ಎಂದು ರಿಚರ್ಡ್ ಮೈನೆರ್ಟ್ಸ್‌ಹ್ಯಾಗನ್ ಎಂಬಾತ ಚೀಟಿ ಕಟ್ಟಿದ್ದ ಒಂದು ಹಕ್ಕಿ. 1990ರ ದಶಕದಲ್ಲಿ ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್‌ಮುಸೆನ್ ಆ ಒಣಹಕ್ಕಿಯ ಹೊಲಿಗೆ, ಒಳಗೆ ತುಂಬಿದ ಹತ್ತಿ ಎಲ್ಲವನ್ನೂ ತನಿಖೆ ಮಾಡಿದರು. ಪ್ರತಿಯೊಬ್ಬ ಸಂಗ್ರಾಹಕನಿಗೂ ಚರ್ಮ ಸುಲಿದು ಹೊಲಿಯುವ ತನ್ನದೇ ಕೈಗುಣವಿರುತ್ತದೆ. ಈ ಹಕ್ಕಿಯ ಒಳಗಿದ್ದದ್ದು ಜೇಮ್ಸ್ ಡೇವಿಡ್ಸನ್ ಎಂಬ ಬ್ರಿಟಿಷ್ ಅಧಿಕಾರಿಯ ಕೈಗುಣ. ಆತ 1880ರ ದಶಕದಲ್ಲಿ ಖಾನದೇಶದಲ್ಲಿ ಹಿಡಿದ ಹಕ್ಕಿಯನ್ನು ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಕದ್ದು, ಹೊಸದಾಗಿ ತುಂಬಿ, ಸುಳ್ಳು ಚೀಟಿ ಕಟ್ಟಲಾಗಿತ್ತು. ರಾಸ್‌ಮುಸೆನ್ ಆ ಸುಳ್ಳು ಊರನ್ನು ಪಕ್ಕಕ್ಕಿಟ್ಟು ಹಳೆಯ ನಿಜವಾದ ಚೀಟಿಗಳ ಬೆನ್ನು ಹತ್ತಿದರು. 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ, ಬೋಳು ಟೊಂಗೆಯ ಮೇಲೆ, ಜೀವಂತ ಗೂಬೆ ಕೂತಿತ್ತು. ನೂರಾ ಹದಿಮೂರು ವರ್ಷದ ಮೇಲೆ!

ಈ ಡೇವಿಡ್ಸನ್ ನಮಗೆ ತೀರಾ ಪರಕೀಯನೇನಲ್ಲ. ಆಮೇಲೆ ಅವನು ಕಾರವಾರದ ಕಲೆಕ್ಟರ್ ಆಗಿ ಬಂದ. ಬೆಲ್, ಐಟ್ಕೆನ್ ಎಂಬಿಬ್ಬರ ಜೊತೆ ಸೇರಿ ಉತ್ತರ ಕನ್ನಡದ ಚಿಟ್ಟೆಗಳನ್ನು 1890ರ ದಶಕದಲ್ಲಿ ಪಟ್ಟಿ ಮಾಡಿದವನೂ ಅವನೇ.

ಈ ಚೀಟಿಯ ಮಾತು ನಮ್ಮ ಧಾರವಾಡಕ್ಕೂ ಸಲ್ಲುತ್ತದೆ. ಇಲ್ಲಿನ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಅಲ್ಲಿನ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ ವಿಭಾಗಗಳು ಕೂತಿರುವ ಜಾಗವೇ ವಿಶೇಷವಾದದ್ದು. ಪಡುವಣಕ್ಕೆ ಒಂದು ತಾಸು ಬಸ್ಸು ಹತ್ತಿದರೆ ಅಳ್ನಾವರದ ಕಡೆಯ ಕಾಡು. ಮೂಡಣಕ್ಕೆ ಅಷ್ಟೇ ಹೊತ್ತು ಹೋದರೆ ನವಲಗುಂದದ ಎರೆ ಹೊಲ, ಕಣ್ಣು ಹರಿಯುವವರೆಗೆ ಒಂದು ಮರವಿಲ್ಲ. ಮಲೆನಾಡಿನ ಸೆರಗು ಬಯಲುಸೀಮೆಗೆ ತಾಗುವ ಇಂಥ ಕಡೆ ಮಳೆ ಒಂದಿಷ್ಟು ಹೆಚ್ಚುಕಡಿಮೆಯಾದರೂ ಗಿಡ, ಹುಳ, ಹಕ್ಕಿಗಳು ಆಚೀಚೆ ಸರಿಯುತ್ತವೆ. ಕಾಲಡಿಯ ಕಲ್ಲಂತೂ ಲೋಕಪ್ರಸಿದ್ಧ. ಬ್ರೂಸ್ ಫೂಟ್ ಎಂಬ ಬ್ರಿಟಿಷ್ ಭೂವಿಜ್ಞಾನಿ 19ನೇ ಶತಮಾನದಲ್ಲಿ ಇಲ್ಲಿನ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟ. 250 ಕೋಟಿ ವರ್ಷಕ್ಕೂ ಹಳೆಯ ಆ ಶಿಲೆಗಳನ್ನು ಇವತ್ತಿಗೂ ಜಗತ್ತಿನ ಭೂವಿಜ್ಞಾನಿಗಳು ಅದೇ ಹೆಸರಿನಿಂದ ಗುರುತಿಸುತ್ತಾರೆ.

ಸರಿಯಾಗಿ ಚೀಟಿ ಬರೆದಿಟ್ಟ ವಸ್ತುವಿನ ದೊಡ್ಡ ಗುಣವೆಂದರೆ, ಅದನ್ನು ಇಟ್ಟವರು ಕನಸಿನಲ್ಲೂ ಎಣಿಸದ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಇಂಗ್ಲೆಂಡಿನಲ್ಲಿ ಶೋಕಿಗಾಗಿ ಹಕ್ಕಿಮೊಟ್ಟೆ ಕೂಡಿಸುವವರಿದ್ದರು. ಪೆರಿಗ್ರಿನ್ ಗಿಡುಗಗಳು ಕಮ್ಮಿಯಾಗತೊಡಗಿದಾಗ ಡೆರೆಕ್ ರ‍್ಯಾಟ್‌ಕ್ಲಿಫ್ ಆ ಮೊಟ್ಟೆಗಳ ತೂಕ, ಅಳತೆ ತೆಗೆದರು. 1947ರ ಸುಮಾರಿನಿಂದ ಚಿಪ್ಪು ಒಮ್ಮೆಲೇ ತೆಳ್ಳಗಾಗಿತ್ತು. ಅದೇ ಹೊತ್ತಿಗೆ ಹೊಲಗಳಿಗೆ ಡಿಡಿಟಿ ಎಂಬ ಕೀಟನಾಶಕ ಬಂದಿತ್ತು. ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. 1967ರಲ್ಲಿ ಇದು ಪ್ರಕಟವಾಯಿತು. ಮೊಟ್ಟೆಗಳ ಮೇಲೆ ಇಸವಿ ಬರೆಯದಿದ್ದರೆ ಈ ಪತ್ತೆದಾರಿ ಸಾಧ್ಯವೇ ಇರಲಿಲ್ಲ.

ನಮ್ಮ ಕಡೆಯ ಇಂಥ ಪ್ರಶ್ನೆಗಳು ಎಷ್ಟು ಬೇಕು? ನಾವು ಕಾಂಗ್ರೆಸ್ ಕಸ ಅನ್ನುವ ಪಾರ್ಥೇನಿಯಂ ಪುಣೆಯಲ್ಲಿ ವರದಿಯಾದದ್ದು 1950ರ ದಶಕದ ನಡುವಿನಲ್ಲಿ. ಅದು ಹುಬ್ಬಳ್ಳಿಯ ರೈಲು ಹಳಿಯ ಬದಿಗೆ ಯಾವಾಗ ಬಂತು, ಬರುವ ಮುಂಚೆ ಅಲ್ಲಿ ತುಂಬೆ ಇತ್ತೋ ಉತ್ತರಾಣಿ ಇತ್ತೋ ಎಂದು ಹೇಳುವ ಸಾಕ್ಷಿ ಒಣಗಿಸಿಟ್ಟ ಶೀಟುಗಳಲ್ಲಿ ಮಾತ್ರ ಸಿಕ್ಕೀತು. ಇನ್ನು ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ ಈ ಹಕ್ಕಿಗೆ ನಮ್ಮ ಹಿರಿಯರು ಮಣ್ಣಿನ ಹೆಸರನ್ನೇ ಕೊಟ್ಟಿದ್ದರು. ರಾಣೇಬೆನ್ನೂರಿನ ಹುಲ್ಲುಗಾವಲಲ್ಲಿ ಅದು ಕೃಷ್ಣಮೃಗಗಳ ಜೊತೆ ಅಡ್ಡಾಡುತ್ತಿತ್ತು. 1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಆದರೆ ಹುಲ್ಲುಗಾವಲನ್ನು ಪಾಳುಭೂಮಿ ಎಂದು ತಿಳಿದು ನೀಲಗಿರಿ ನೆಟ್ಟಿದ್ದೆವು. ಕೃಷ್ಣಮೃಗ ಉಳಿಯಿತು, ಎರೆಭೂತ ಹೋಯಿತು. ಮರ ನೆಡುವುದೂ ಒಂದು ತಪ್ಪಾಗಬಹುದು ಎಂಬುದನ್ನು ನಾನು ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು.

ಈಗ ಕೊಂದು ತುಂಬಿಡುವ ಕಾಲವಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ಬಿಡುವುದೂ ಇಲ್ಲ, ಬಿಡಲೂಬಾರದು. ಹಾಗಾಗಿಯೇ ಹಳೆಯದನ್ನು ಮತ್ತೆ ಮಾಡಿಕೊಳ್ಳಲು ಬರುವುದಿಲ್ಲ. ಒಣಹಕ್ಕಿಯ ಕಾಲ್ಬೆರಳಿನಿಂದ ಚೂರು ಚರ್ಮ ತೆಗೆದರೆ ಇವತ್ತು ಡಿಎನ್‌ಎ ಸಿಗುತ್ತದೆ. ಇಂಥ ಸಂಪತ್ತಿನ ವೈರಿ ಒಂದು ಸಣ್ಣ ದುಂಬಿ. ನಮ್ಮ ಭಾಗದ ಒಂದು ಕಾಲೇಜಿನಲ್ಲಿ ಚಿಟ್ಟೆಪೆಟ್ಟಿಗೆ ತೆರೆದಾಗ ಸಾಲಾಗಿ ಸೂಜಿಗಳಷ್ಟೇ ನಿಂತಿದ್ದವು, ಕೆಳಗೆ ಕಂದು ಪುಡಿ. ಡಾಂಬರು ಗುಳಿಗೆ ಹಾಕುವವರು ನಿವೃತ್ತರಾಗಿ ವರ್ಷಗಳಾಗಿದ್ದವಂತೆ. ಅವತ್ತು ನನಗಾದ ಸಂಕಟ ಇನ್ನೂ ಹಾಗೇ ಇದೆ. ವಿಶ್ವವಿದ್ಯಾಲಯದ ಹಬ್ಬವೆಂದರೆ ವೇದಿಕೆ, ಶಾಲು, ಹಾರ. ಒಂದು ದಿನ ಅದರ ವಿಭಾಗಗಳಲ್ಲಿ ಇಂಥ ವಸ್ತು ಇಟ್ಟ ಕಪಾಟುಗಳ ಬೀಗ ತೆಗೆದು ಹುಬ್ಬಳ್ಳಿ, ಗದಗ, ಹಾವೇರಿಯ ಶಾಲೆಮಕ್ಕಳಿಗೆ ಚೀಟಿ ಓದಲು ಕೊಟ್ಟರೆ ಅದಕ್ಕಿಂತ ದೊಡ್ಡ ಹಬ್ಬ ಯಾವುದು? ತಮ್ಮೂರಿನ ಹೆಸರು ಕಂಡ ಕೂಸು ಆ ಗಿಡವನ್ನು ಮರೆಯುವುದಿಲ್ಲ.

ಅವತ್ತು ನನ್ನ ಗೌರಿಹೂವಿಗೆ ಚೀಟಿ ಬರೆಯಲು ಕೂತೆ. ಕೆರೆ ನೆನಪಿತ್ತು, ತಾರೀಖು ಹೊಳೆಯಲಿಲ್ಲ. ಒತ್ತಿದ ಪತ್ರಿಕೆಯ ತಾರೀಖನ್ನೇ ಬರೆದು ಒಯ್ದೆ. ಗುರುಗಳು ಶೀಟು ತಿರುಗಿಸಿ ಕೊಟ್ಟರು. "ಅದು ಪೇಪರಿನ ತಾರೀಖು, ಗಿಡದ್ದಲ್ಲ." ಮರುದಿನ ಮತ್ತೆ ಕೆಲಗೇರಿಯ ಏರಿ ಹತ್ತಿದೆ. ಈ ಸಲ ಕಿಸೆಯಲ್ಲಿ ಪೆನ್ಸಿಲ್ ಇತ್ತು. ಮಳೆಯಲ್ಲಿ ಶಾಯಿ ನಿಲ್ಲುವುದಿಲ್ಲ.