ಸುಪ್ರೀಂ ಕೋರ್ಟಿನಲ್ಲಿ ಎಸ್‌ಎಲ್‌ಪಿ ವಜಾ ಆದರೆ ಏನರ್ಥ?

ಹೈಕೋರ್ಟಿನಲ್ಲಿ ಸೋತ ಕಕ್ಷಿದಾರರು ತೀರ್ಪಿನ ನಕಲು ಕೈಗೆ ಬರುವ ಮೊದಲೇ ಕೇಳುತ್ತಾರೆ, ‘ಸುಪ್ರೀಂ ಕೋರ್ಟಿಗೆ ಹೋಗೋಣ ಸಾರ್, ಅಲ್ಲಾದ್ರೂ ನಮ್ಮ ಕಡೆ ಆಗುತ್ತಲ್ವಾ?’ ಜಮೀನಿನ ದಾವೆಗಳಲ್ಲಂತೂ ಈ ಮಾತು ತಪ್ಪಿದ್ದಲ್ಲ. ಇನ್ನೊಂದು ಮೆಟ್ಟಿಲು ಬಾಕಿಯಿದೆ ಎಂಬ ನಂಬಿಕೆ.

ಸಿವಿಲ್ ದಾವೆಯಲ್ಲಿ ಹಕ್ಕಾಗಿ ಸಿಗುವುದು ಮೊದಲ ಮೇಲ್ಮನವಿ. ಸಾಕ್ಷ್ಯವನ್ನು ಪೂರ್ತಿಯಾಗಿ ತೂಗಿ ನೋಡುವುದು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಎರಡನೇ ಮೇಲ್ಮನವಿಯನ್ನು ಹೈಕೋರ್ಟ್ ಕೇಳಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಂ ಪ್ರಕಾರ ಮಹತ್ವದ ಕಾನೂನು ಪ್ರಶ್ನೆಯೊಂದು ಇರಲೇಬೇಕು. ಅಲ್ಲೂ ಸೋತು ದೆಹಲಿಗೆ ಹೊರಟವರಿಗೆ ಬಹುಪಾಲು ಉಳಿಯುವ ದಾರಿ ಸಂವಿಧಾನದ 136ನೇ ವಿಧಿಯ ವಿಶೇಷ ಅನುಮತಿ ಅರ್ಜಿ, ಅಂದರೆ ಎಸ್‌ಎಲ್‌ಪಿ. ಇದರಲ್ಲಿ ಕೇಳುವುದು ಮೇಲ್ಮನವಿ ಹಾಕಲು ಅನುಮತಿಯನ್ನು ಮಾತ್ರ. ಕೊಡುವುದು, ಬಿಡುವುದು ಕೋರ್ಟಿನ ವಿವೇಚನೆ. ಈ ಅಧಿಕಾರವನ್ನು ಅಸಾಧಾರಣ ಸಂದರ್ಭಗಳಲ್ಲಷ್ಟೇ ಬಳಸಬೇಕೆಂದು ಸುಪ್ರೀಂ ಕೋರ್ಟ್ ತಾನು ಆರಂಭವಾದ 1950ರಲ್ಲೇ, ಪ್ರೀತಮ್ ಸಿಂಗ್ ಪ್ರಕರಣದಲ್ಲಿ ಹೇಳಿತು. (ಕೆಳ ಕೋರ್ಟಿನಲ್ಲಿ ಖುಲಾಸೆಯಾದವನಿಗೆ ಹೈಕೋರ್ಟ್ ಮರಣದಂಡನೆ ವಿಧಿಸಿದರೆ ಮಾತು ಬೇರೆ. 134ನೇ ವಿಧಿಯಡಿ ಮೇಲ್ಮನವಿ ಅವನ ಹಕ್ಕು.)

ಎಸ್‌ಎಲ್‌ಪಿ ಒಂದೇ ಸಾಲಿನಲ್ಲಿ ವಜಾ ಆಯಿತೆನ್ನಿ. ‘ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು’ ಎಂದು ಗೆದ್ದವರು ಹೇಳುತ್ತಾರೆ, ಪತ್ರಿಕೆಗಳೂ ಕೆಲವೊಮ್ಮೆ ಹಾಗೇ ಬರೆಯುತ್ತವೆ. ಈ ತಪ್ಪು ತಿಳಿವಳಿಕೆಯಿಂದ ಸೋತವರು ಉಳಿದಿರುವ ದಾರಿಯನ್ನೂ ಕೈಬಿಡುವುದು ನನಗೆ ಸಂಕಟದ ಸಂಗತಿ. ಕಾರಣ ಕೊಡದೆ ಅನುಮತಿ ನಿರಾಕರಿಸಿದರೆ ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನ ಆದೇಶದಲ್ಲಿ ವಿಲೀನವಾಗುವುದಿಲ್ಲ (ಅಂದರೆ ಅದರೊಳಗೆ ಸೇರಿಹೋಗದೆ ಹೈಕೋರ್ಟಿನದೇ ತೀರ್ಪಾಗಿ ಉಳಿಯುತ್ತದೆ), 141ನೇ ವಿಧಿಯಡಿ ಎಲ್ಲ ಕೋರ್ಟುಗಳೂ ಪಾಲಿಸಬೇಕಾದ ಕಾನೂನೂ ಆಗುವುದಿಲ್ಲ. ಇದನ್ನು 2000ದಲ್ಲಿ ಕುಞಹಮ್ಮದ್ ಪ್ರಕರಣದಲ್ಲಿ ವಿವರವಾಗಿ ಹೇಳಲಾಗಿದೆ. ನಮ್ಮ ಕೊಳ್ಳೇಗಾಲದ ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಮತ್ತು ಖೋಡೆ ಡಿಸ್ಟಿಲರೀಸ್ ನಡುವಿನ ವ್ಯಾಜ್ಯದಲ್ಲಿ, 2019ರಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ದೃಢಪಡಿಸಿತು. ಹಾಗಾಗಿ ಎಸ್‌ಎಲ್‌ಪಿ ಹೀಗೆ ವಜಾ ಆದ ಮೇಲೂ ತನ್ನ ತೀರ್ಪನ್ನು ತಾನೇ ಮತ್ತೊಮ್ಮೆ ನೋಡಬೇಕೆಂದು ಕೋರುವ ಪುನರ್‌ಪರಿಶೀಲನಾ ಅರ್ಜಿಯನ್ನು ಹೈಕೋರ್ಟಿನಲ್ಲಿ ಹಾಕಬಹುದು. ಅದರ ವ್ಯಾಪ್ತಿ ಕಿರಿದು, ದಾಖಲೆಯಲ್ಲೇ ಎದ್ದು ಕಾಣುವ ತಪ್ಪಿನಂಥ ಕಾರಣ ಬೇಕು. ಅನುಮತಿ ಸಿಕ್ಕಿ, ಮೇಲ್ಮನವಿಯಾಗಿ ಕೇಳಿ ವಜಾ ಮಾಡಿದ್ದರೆ ಮಾತ್ರ ವಿಲೀನವಾಗುತ್ತದೆ, ಈ ಬಾಗಿಲೂ ಮುಚ್ಚುತ್ತದೆ.

ಒಂದೇ ಕಲಮಿಗೆ ಎರಡು ಹೈಕೋರ್ಟುಗಳು ಬೇರೆಬೇರೆ ಅರ್ಥ ಹೇಳಿದಾಗ ಇಡೀ ದೇಶಕ್ಕೆ ಒಂದು ಅರ್ಥ ಕೊಡುವುದು ಸುಪ್ರೀಂ ಕೋರ್ಟಿನ ಕೆಲಸ. ಸಂವಿಧಾನದ ವ್ಯಾಖ್ಯಾನದ ಮಹತ್ವದ ಪ್ರಶ್ನೆ ಎದ್ದರೆ ಕನಿಷ್ಠ ಐವರು ನ್ಯಾಯಮೂರ್ತಿಗಳು ಕೂರಬೇಕು. ಆದರೆ ಕ್ರಯಪತ್ರದ ಸಾಕ್ಷಿ ನಿಜ ಹೇಳಿದನೇ ಎಂಬುದು ವಿಚಾರಣಾ ನ್ಯಾಯಾಲಯದ ಪಾಟೀಸವಾಲಿನಲ್ಲೇ ಹೊರಬರಬೇಕು. ದುಡ್ಡು, ಶ್ರಮ, ಒಳ್ಳೆಯ ವಕೀಲರು ಅಲ್ಲಿಗೆ ಬೇಕು.

ದೆಹಲಿಗೆ ಹೋಗಲೇಬೇಕು ಎನ್ನುವವರನ್ನು ನಾನು ಕೇಳುವುದು, ಇದರಲ್ಲಿ ಕಾನೂನಿನ ಪ್ರಶ್ನೆ ಯಾವುದು ಎಂದು. ಅದು ಇದ್ದರೆ ತಡಮಾಡಬಾರದು. ಹೈಕೋರ್ಟ್ ತೀರ್ಪಿನ ದಿನದಿಂದ 90 ದಿನಗಳೊಳಗೆ ಅರ್ಜಿ ಸಲ್ಲಿಕೆಯಾಗಬೇಕು.