ಸ್ವನಾಮ, ಪರನಾಮ

ಜರ್ಮನ್ನರ ಬಾಯಲ್ಲಿ ಅವರ ದೇಶ ಜರ್ಮನಿ ಅಲ್ಲ, ಡಾಯ್ಚ್‌ಲಾಂಡ್. ಫಿನ್‌ಲೆಂಡಿನವರಿಗೆ ತಮ್ಮದು ಸುಓಮಿ, ಅರ್ಮೇನಿಯದವರಿಗೆ ಹಯಸ್ತಾನ್. ಜನ ತಮಗೆ ತಾವೇ ಇಟ್ಟುಕೊಂಡ ಇಂಥ ಹೆಸರು ಸ್ವನಾಮ. ಹೊರಗಿನವರು ಇಟ್ಟದ್ದು ಪರನಾಮ. ಇಂಗ್ಲಿಷಿನಲ್ಲಿ ಇವಕ್ಕೆ ಎಂಡೊನಿಮ್, ಎಕ್ಸೊನಿಮ್ ಎನ್ನುತ್ತಾರೆ. ಎರಡೂ ಗ್ರೀಕ್ ಬೇರಿನ ಪದಗಳು. ತಮಾಷೆ ಎಂದರೆ, 'ಗ್ರೀಕ್' ಅನ್ನುವುದೇ ಪರನಾಮ. ಅವರು ತಮ್ಮನ್ನು ಎಲಿನೆಸ್ ಎಂದು ಕರೆದುಕೊಳ್ಳುತ್ತಾರೆ.

ಎಷ್ಟೋ ಸ್ವನಾಮಗಳ ಅರ್ಥ ಸುಮ್ನೆ 'ಜನ' ಎಂದಷ್ಟೇ. ಉತ್ತರ ಧ್ರುವದ ಬಳಿಯ ಮೂಲನಿವಾಸಿಗಳ ಹೆಸರಾದ ಇನುಯಿಟ್ ಎಂದರೆ ಜನ. ಒಬ್ಬರೇ ಆದರೆ ಇನುಕ್. ಅಮೆರಿಕದ ಮೂಲನಿವಾಸಿಗಳಾದ ನವಾಹೊಗಳು ತಮಗೆ ಹೇಳಿಕೊಳ್ಳುವ 'ಡಿನೆ' ಪದಕ್ಕೂ ಅದೇ ಅರ್ಥ.

ಹೊರಗಿನವರು ಇಡುವ ಹೆಸರಿನಲ್ಲಿ ಮಾತ್ರ ಹಲವು ಸಲ 'ಇವರು ನಮ್ಮವರಲ್ಲ' ಅನ್ನುವ ದನಿ ಇರುತ್ತದೆ. ಪೋಲಿಷ್ ಭಾಷೆಯಲ್ಲಿ ಜರ್ಮನಿಗೆ ನ್ಯೆಮ್ಚಿ ಎನ್ನುತ್ತಾರೆ. ಅದರ ಬೇರು 'ಮೂಗ' ಎಂಬ ಪದ. ನಮ್ಮ ಮಾತು ಬರದವನು ಮೂಗನೇ, ಅಲ್ವಾ!

ನನಗೆ ಎಲ್ಲಕ್ಕಿಂತ ಜಾಸ್ತಿ ವಿಚಿತ್ರ ಅನಿಸುವುದು ವೇಲ್ಸ್‌ನ ಕಥೆ. ಬ್ರಿಟನ್‌ಗೆ ಸಮುದ್ರ ದಾಟಿ ಬಂದವರು ಆಂಗ್ಲೋ-ಸ್ಯಾಕ್ಸನ್ನರು. ಆದರೆ ಮೊದಲಿನಿಂದ ಅಲ್ಲೇ ಇದ್ದವರನ್ನು ಅವರು 'ವೆಆಲ್ಹ್', ಅಂದರೆ ಪರಕೀಯ, ಎಂದು ಕರೆದರು! ವೇಲ್ಸ್, ವೆಲ್ಶ್ ಬಂದದ್ದು ಅದರಿಂದಲೇ. ವಾಲ್‌ನಟ್‌ನ 'ವಾಲ್' ಕೂಡ ಅದೇ: ಹೊರನಾಡಿನ ಕಾಯಿ. ವೆಲ್ಶರು ತಮ್ಮ ನಾಡನ್ನು ಕರೆಯುವುದು ಕಮ್ರಿ ಎಂದು. ಅದರ ಮೂಲದ ಅರ್ಥ 'ಒಂದೇ ನಾಡಿನವರು'.

ಪರನಾಮಗಳೆಲ್ಲ ಅವಮಾನವೇನಲ್ಲ. 'ಜರ್ಮನಿ' ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಆದರೆ ಜಿಪ್ಸಿ ಎಂಬ ಪದವನ್ನು ಆ ಹೆಸರಿನಿಂದ ಕರೆಸಿಕೊಳ್ಳುತ್ತ ಬಂದ, ಯುರೋಪಿನ ಹಲವೆಡೆ ಇರುವ ರೋಮಾ ಜನರಲ್ಲಿ ಅನೇಕರು ಒಪ್ಪುವುದಿಲ್ಲ. ಅವರು ಈಜಿಪ್ಟಿನಿಂದ ಬಂದವರು ಎಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರು ಅದು. 1971ರಲ್ಲಿ ಲಂಡನ್ ಬಳಿ ನಡೆದ ಮೊದಲ ವಿಶ್ವ ರೋಮಾನಿ ಸಮ್ಮೇಳನ ಅದನ್ನು ಬದಿಗಿಟ್ಟು 'ರೋಮಾ' ಎಂಬುದನ್ನು ಆರಿಸಿಕೊಂಡಿತು. ದೇಶಗಳೂ ಹೀಗೆ ಮಾಡುತ್ತವೆ: 2018ರಲ್ಲಿ ಆಫ್ರಿಕಾದ ಸ್ವಾಜಿಲ್ಯಾಂಡ್ ತನ್ನದೇ ಭಾಷೆಯ ಹೆಸರಿನಿಂದ ಎಸ್ವಾತಿನಿ ಆಯಿತು.

ಹಾಗಂತ ಪ್ರತಿ ಸಲ ಒಂದು ಸ್ವನಾಮ ಸಿದ್ಧವಾಗಿ ಸಿಗುವುದಿಲ್ಲ. ಆಫ್ರಿಕಾ ಖಂಡದ ದಕ್ಷಿಣ ಭಾಗದ ಸಾನ್ ಜನರದ್ದು ಬೇರೆ ಬೇರೆ ಭಾಷೆ ಆಡುವ ಹಲವು ಗುಂಪುಗಳು. ಎಲ್ಲರಿಗೂ ಸೇರಿ ಅವರದೇ ಆದ ಒಂದು ಹಳೆಯ ಹೆಸರಿರಲಿಲ್ಲ. 'ಸಾನ್' ನೆರೆಯ ಖೋಯಿಖೋಯಿ ಜನ ಇಟ್ಟದ್ದು, ಅದೂ ಅಷ್ಟೇನೂ ಗೌರವದ್ದಲ್ಲ. 'ಬುಷ್‌ಮನ್' ವಸಾಹತಿನವರು ಇಟ್ಟದ್ದು. ಸಾನ್ ಗುಂಪುಗಳ ಪ್ರತಿನಿಧಿಗಳು ಒಟ್ಟು ಹೆಸರಾಗಿ 'ಸಾನ್' ಆಗಬಹುದು ಎಂದರು. ಆದರೆ ಗುಂಪಿನ ಸ್ವಂತ ಹೆಸರು ಗೊತ್ತಿದ್ದರೆ ಅದರಿಂದಲೇ ಕರೆಸಿಕೊಳ್ಳಲು ಬಯಸುವವರು ಅವರಲ್ಲಿ ಬಹಳ.