ಫೋನ್ ಕಳೆದರೆ ದುಡ್ಡೂ ಹೋಗುತ್ತಾ? ಯುಪಿಐ ಬೀಗಗಳ ಟಿಪ್ಪಣಿ

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೆ: ವಿಜಯನಗರದ ಪಿಜಿಯಲ್ಲಿ ನಿನ್ನೆ ರಾತ್ರಿ ಈ ಪಾಠವನ್ನು ಮೂರು ಸಲ ಓದಿ ತಲೆ ಕೆಟ್ಟಿತ್ತು. ಅರ್ಥವಾಗಿದ್ದು ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ.

ವ್ಯಾಲೆಟ್ ಅಂದರೆ ಮೊದಲೇ ದುಡ್ಡು ತುಂಬಿಸಿಟ್ಟ ಪರ್ಸ್. ಪೂರ್ತಿ ಕೆವೈಸಿ (ಗುರುತಿನ ಪರಿಶೀಲನೆ) ಆಗಿದ್ದರೆ 2 ಲಕ್ಷದವರೆಗೆ ಇಡಬಹುದು. 2016ರಲ್ಲಿ ಬಂದ ಯುಪಿಐ ಹಾಗಲ್ಲ. ದುಡ್ಡು ಬ್ಯಾಂಕ್ ಖಾತೆಯಲ್ಲೇ ಇರುತ್ತದೆ, ಆಪ್ ಬರೀ ಅಪ್ಪಣೆ ತಲುಪಿಸುತ್ತದೆ.

ನಾನು ಎಡವಿದ್ದು ಇಲ್ಲಿ. ಹೊಸ ಫೋನಿನಲ್ಲಿ ಆಪ್ ಹಾಕಿದಾಗ ಅದು ನಮ್ಮ ಸಿಮ್‌ನಿಂದ ತಾನೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದಲ್ಲ, ಅದು ಯಾಕೆ? ಓಟಿಪಿ ನಮಗೆ ಬರುವ ಸಂದೇಶ, ಇದು ನಮ್ಮಿಂದ ಹೋಗುವ ಸಂದೇಶ. ಓಟಿಪಿಯನ್ನು ಮಾತಿಗೆ ಮರುಳಾಗಿ ಇನ್ನೊಬ್ಬರಿಗೆ ಓದಿ ಹೇಳಿಬಿಡಬಹುದು. ಆದರೆ ಹೊರಗೆ ಹೋಗುವ ಎಸ್ಸೆಮ್ಮೆಸ್‌ಗೆ ಸಿಮ್ ಅದೇ ಫೋನಿನಲ್ಲಿ ಇರಲೇಬೇಕು. ಹೀಗೆ ಈ ನಂಬರ್, ಈ ಫೋನ್, ಈ ಆಪ್ ಮೂರಕ್ಕೂ ಗಂಟು ಬೀಳುತ್ತದೆ. ಇದೇ ಡಿವೈಸ್ ಬೈಂಡಿಂಗ್. ಮೆಜೆಸ್ಟಿಕ್ ಬಸ್ಸಿನಲ್ಲಿ ಯಾರೋ ಫೋನ್ ಎಗರಿಸಿ ನಮ್ಮ ಸಿಮ್ಮನ್ನು ತಮ್ಮ ಫೋನಿಗೆ ಹಾಕಿದರೆ? ಗಂಟೂ ಹೊಸದಾಗಿ ಬೀಳಬಹುದು! ಆಗಲೂ ದುಡ್ಡು ಹೋಗಲು 4 ಅಥವಾ 6 ಅಂಕಿಯ ಯುಪಿಐ ಪಿನ್ ಬೇಕು. ಹೊಸ ಪಿನ್ ಹಾಕಲು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅವಧಿ ಮುಗಿಯುವ ತಿಂಗಳು, ಓಟಿಪಿ ಬೇಕು. ಆಧಾರ್ ದಾರಿಯೂ ಇದೆ. ಅಂದರೆ ಫೋನ್ ಕವರಿನೊಳಗೆ ಕಾರ್ಡ್ ಸಿಕ್ಕಿಸಿಕೊಂಡು ಓಡಾಡುವವರು (ಮೊನ್ನೆಯವರೆಗೆ ನಾನೂ) ಬೀಗದ ಜೊತೆಗೇ ಕೀ ಕೊಟ್ಟಂತೆ.

ಅದಕ್ಕೆ ನನ್ನ ನೆಚ್ಚಿನ ಉಪಾಯ ಸಿಮ್ ಪಿನ್. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಹಾಕಿದರೆ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದವರಿಗೂ ಆ ಪಿನ್ ಬೇಕೇಬೇಕು.

ಆದರೆ ಸಣ್ಣ ಪಾವತಿಗೆಂದು ಆಪ್‌ನಲ್ಲಿ ಮೊದಲೇ ದುಡ್ಡು ತುಂಬಿಸಿಡುವ ಯುಪಿಐ ಲೈಟ್‌ನಲ್ಲಿ ಪಾವತಿಗೆ ಪಿನ್ನೇ ಇಲ್ಲ. ಒಂದು ಸಲಕ್ಕೆ 1000, ಒಟ್ಟು 5000 ರೂಪಾಯಿ ಮಿತಿ. ದರ್ಶಿನಿಯ ಕಾಫಿಗೆ ಎಷ್ಟು ಬೇಕೋ ಅಷ್ಟೇ ನಾನು ತುಂಬಿಸುತ್ತೇನೆ.

ದುಡ್ಡು ಬರಲು ಪಿನ್ ಬೇಡ, ಕೇಳಿದರೆ ಮೋಸ. ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಸಿಮ್ ಬ್ಲಾಕ್, ಬ್ಯಾಂಕಿಗೆ ದೂರು.

ಹಾಂ, ಸಿಮ್ ಪಿನ್ ಮೂರು ಸಲ ತಪ್ಪಿದರೆ ಪಿಯುಕೆ (ಸಿಮ್ ಬೀಗ ಬಿಡಿಸುವ ಸಂಖ್ಯೆ) ಕೇಳುತ್ತದೆ. ಅದು ಸಾಮಾನ್ಯವಾಗಿ ಸಿಮ್ ಬಂದ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಇರುತ್ತದೆ. ನನ್ನದು ಊರಿನ ಮನೆಯ ಬೀರುವಿನಲ್ಲಿತ್ತು. ಅಮ್ಮ ಹುಡುಕಿ, ಪಕ್ಕದ ಮನೆಯವರ ಕೈಲಿ ಫೋಟೊ ತೆಗೆಸಿ, ರೂಮ್‌ಮೇಟ್ ನಂಬರಿಗೆ ಕಳಿಸಬೇಕಾಯಿತು.